ಎತ್ತಷ್ಟೇ ಉಪ್ಪು ತಿಂದ ವರ್ಷ

ಮೊನ್ನೆ ಆಳಂದದಾಗ ಮೊಮ್ಮಗನ ಮನಿಗೆ ಹೋಗಿದ್ದೆ. ಹೊಸ್ತಲ ದಾಟೂದ್ರಾಗ ಒಳಗಿಂದ ಪುಂಡಿಪಲ್ಯ ಕುದಿಯೋ ವಾಸನಿ ಬಂತು. ಬಳ್ಳೊಳ್ಳಿ ಒಗ್ಗರಣಿ ಇತ್ತು, ಜೋಳದ ನುಚ್ಚು ಇತ್ತು, ಹುಳಿ ಇತ್ತು, ಉಪ್ಪಿರಲಿಲ್ಲ. ಉಪ್ಪಿಗೆಲ್ಲಿ ವಾಸನಿ ಮುದುಕಿ ಅಂತ ನೀವು ನಗಬಹುದು, ನಗ್ರಿ. ಒಂದು ಕಾಲಕ್ಕ ತಿಂಗಳಗಟ್ಟಲೆ ಉಪ್ಪಿಲ್ಲದ ಗಡಿಗಿ ಮುಂದ ಕೂತ ಮೂಗು ಇದು, ಇದಕ್ಕ ತಿಳೀತದ.

ಮೊಮ್ಮಗನ ಹೆಂಡತಿ ಹೇಳಿದಳು, "ಡಾಕ್ಟರು ಇವರಿಗೆ ಉಪ್ಪು ಬಿಡ್ರಿ ಅಂದಾರ ಆಯಿ. ಇವರಿಗೊಂದು ಬ್ಯಾರೆ ಕುಕ್ಕರ್ ಇಟ್ಟೇನಿ."

"ಬಿಟ್ಟಾನೇನು?"

"ಎಲ್ಲಿ ಬಿಡ್ತಾರ್ರಿ. ಮನ್ಯಾಗ ಈ ಪಲ್ಯ ಉಂಡು, ಬಸ್‌ಸ್ಟ್ಯಾಂಡ್ ಕಡಿ ಹೋಗಿ ಮಿರ್ಚಿಭಜಿ ತಿಂದು ಬರ್ತಾರ."

ನನಗ ನಗಿ ತಡೀಲಿಕ್ಕೆ ಆಗಲಿಲ್ಲ. ಅಲ್ಲೇ ಗ್ವಾಡಿಗೆ ಬೆನ್ನು ಕೊಟ್ಟು ಕೂತೆ. ಕೂತಲ್ಲೇ ನನ್ನ ಮದುವಿಯಾದ ಮೊದಲನೇ ವರ್ಷ ನೆನಪಾಯ್ತು.

ನನ್ನ ತವರುಮನಿ ಭೀಮಾ ದಂಡಿ ಮ್ಯಾಲಿನ ಮಣ್ಣೂರ. ಅಲ್ಲಿಂದ ನನ್ನ ಸರಸಂಬಾಕ್ಕ ಕೊಟ್ರು. ಬಂಡಿ ಹೂಡಿಕೊಂಡು ಹೊರಟ್ರ ನಡುವ ಒಂದು ಕಡೆ ಇಳಿದು ರಾತ್ರಿ ಕಳೀಬೇಕು, ಅಷ್ಟು ದೂರ. ಆವಾಗ ನಿಜಾಮರ ಆಳಿಕಿ. ಎಲ್ಲೋ ದೊಡ್ಡ ಯುದ್ಧ ನಡದದ ಅಂತ ಚಿಮಣಿಎಣ್ಣಿ ಸಿಗತಿರಲಿಲ್ಲ, ಹೊತ್ತು ಮುಣುಗೂದ್ರಾಗ ಉಂಡು ಮಲಗತಿದ್ವಿ. ಮನ್ಯಾಗ ಮಾವ, ಅತ್ತಿ, ಭಾವ, ಭಾವನ ಹೆಂಡತಿ ಶಾಂತಕ್ಕ, ಅವರ ಸಣ್ಣ ಮಗಳು ಸಿದ್ದವ್ವ, ನಮ್ಮವರು, ನಾನು. ನಾನೇ ಎಲ್ಲಾರಿಗಿಂತ ಹೊಸಬಳು. ತಲಿ ಮ್ಯಾಲಿನ ಸೆರಗು ಇನ್ನೂ ಜಾರಿರಲಿಲ್ಲ.

ನಮ್ಮ ಮಾವ ಮಲ್ಲಪ್ಪನವರು ಉಣ್ಣೋದು ನೋಡೋದೇ ಒಂದು ಚೆಂದ. ರೊಟ್ಟಿ ಮ್ಯಾಲ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ಗುಡ್ಡಿ ಹಾಕಿ, ಅದರ ನಡುವ ಬೆರಳಿಲೆ ಕುಣಿ ತೋಡಿ ಕುಸುಬಿ ಎಣ್ಣಿ ಸುರಕೊಂಡು, ಬಾಜೂಕ ಒಂದು ಉಳ್ಳಾಗಡ್ಡಿ ಗುದ್ದಿ ಇಟ್ಕೋತಿದ್ರು. ಇಷ್ಟಾದ ಮ್ಯಾಲೂ ತಾಟಿನ ಅಂಚಿಗೆ ಒಂದು ಚಿಟಿಕಿ ಉಪ್ಪು ಬೇಕು. "ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ ಅಂತಾರ. ತಾಯಿ ಹೋದಳು, ನನಗ ಉಳದದ್ದು ಇದೊಂದೇ" ಅಂತಿದ್ರು.

ಆ ವರ್ಷ ಮಳಿ ಹೇಳಿ ಕಳಿಸಿದಂಗ ಬಂತು. ಎರೆಭೂಮಿ ಕಾಲಿಗೆ ಹತ್ತಿ ಬಿಡವಲ್ಲದು, ಹೊಲದಿಂದ ಬಂದವರು ಕಾಲು ತೊಳಿಯೋ ನೀರಿನಾಗ ಅರ್ಧಾ ಹೊಲ ಇರ್ತಿತ್ತು. ಪಂಚಮಿ ಹಬ್ಬದ ದಿನ ಮಾವ ಗುಡಿಗೆ ಹೊರಟವರು ಕಾಲ್ಮರಿ ಹಾಕ್ಕೋಳಾಕ ಹೋದ್ರು, ಕಾಲು ಒಳಗ ಹೋಗಲಿಲ್ಲ. ಕಾಲ್ಮರಿ ಮಳಿಗೆ ಬಿರುಸಾಗ್ಯಾವ ಅಂದ್ರು. ಎಣ್ಣಿ ಹಚ್ಚಿದ್ರು. ಮರುದಿನ ನೋಡಿದ್ರ ಪಾದ ಉಬ್ಬಿ ಬೆರಳೇ ಕಾಣವಲ್ಲವು. ನಾಕು ಹೆಜ್ಜಿ ಇಟ್ರ ಉಸಿರು ಹಿಡಿಯಾಕತ್ತಿತು. ಆವಾಗ ಅತ್ತಿ ಮಾರಿ ಸಣ್ಣದಾಯ್ತು.

ಬಂಡ್ಯಾಗ ಹುಲ್ಲು ಹಾಸಿ, ಕೂಡಿಸಿಕೊಂಡು ಆಳಂದದ ಹಕೀಮರ ಹಂತ್ಯಾಕ ಹೋದ್ವಿ. ಅಡಿಗಿ ಮಾಡೋಳು ತನ್ನ ಕಿವಿಲೇ ಕೇಳಲಿ ಅಂತ ಅತ್ತಿ ನನ್ನನ್ನೂ ಕರ್ಕೊಂಡಿದ್ರು. ಹಕೀಮರು ಬಿಳಿ ಗಡ್ಡದವರು. ಮಾವನ ಮೊಣಕಾಲ ಕೆಳಗ ಹೆಬ್ಬೆರಳು ಒತ್ತಿದ್ರು. ಬೆರಳು ತಗದ ಮ್ಯಾಲೂ ಅಲ್ಲಿ ಕುಣಿ ಹಂಗೇ ಉಳೀತು. ಹಸಿ ಹಿಟ್ಟಿನಾಗ ಒತ್ತಿದಂಗ ಕಾಣಿಸ್ತು ನನಗ.

"ಮಲ್ಲಪ್ಪಾ, ಮೈಯಾಗ ನೀರು ನಿಂತಾದ" ಅಂದ್ರು. "ದವಾ ಕೊಡ್ತೇನಿ. ಖರೆ ದವಾ ಅರ್ಧಾ, ಪರಹೇಜ್, ಅಂದ್ರ ಪಥ್ಯ, ಅರ್ಧಾ. ಉಪ್ಪು ಬಂದ್."

"ಎಷ್ಟು ಕಡಿಮಿ ಮಾಡಬೇಕ್ರಿ ಸಾಹೇಬ್ರ?" ಮಾವ ಕೇಳಿದ್ರು.

"ಕಡಿಮಿ ಅಂದೆ ಏನು? ಬಂದ್ ಅಂದೆ."

"ಎಲ್ಲಿ ತನಕ್ರಿ?"

"ಎಳ್ಳಮಾಸಿ ತನಕ. ನನ್ನ ಮಾತು ಕೇಳಿದ್ರ ಎಳ್ಳಮಾಸಿಗೆ ನಿನ್ನ ಕಾಲಮ್ಯಾಲ ನಡಕೊಂಡು ಹೊಲಕ್ಕ ಹೋಗಿ ಚರಗ ಚೆಲ್ತಿ. ಕೇಳಲಿಲ್ಲಂದ್ರ ನಿನ್ನ ಹೊತ್ತುಕೊಂಡು ಹೋಗ್ತಾರ. ಎಲ್ಲಿಗಂತ ನಾ ಹೇಳಲ್ಲ."

ಎಳ್ಳಮಾಸಿ ಅಂದ್ರ ನಮ್ಮ ಕಡಿ ಎಲ್ಲಾ ಹಬ್ಬಕ್ಕಿಂತ ಮೇಲು. ಜೋಳ ಆಳೆತ್ತರ ಬಂದಾಗ, ಮನ್ಯಾಗ ಮಾಡಿದ ಅಡಿಗಿ ಎಲ್ಲಾ ಬುಟ್ಟಿ ತುಂಬಿಕೊಂಡು ಹೊಲಕ್ಕ ಹೋಗಿ, ಮೊದಲ ಭೂಮಿತಾಯಿಗೆ ಉಣಿಸಬೇಕು. ಹೊಲದ ಸುತ್ತ ತಿರಗಿ ಅನ್ನ, ಕಡಬು, ಭಜ್ಜಿ ಚೆಲ್ಲೋದಕ್ಕ ಚರಗ ಅಂತಾರ. ಅದನ್ನ ಚೆಲ್ಲೋವ ಮನಿ ಯಜಮಾನ. ಮಾವ ತಮ್ಮ ಅಪ್ಪ ಸತ್ತಾಗಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಬ್ಯಾರೆಯವರು ಚೆಲ್ಲಿದ್ರು ಅಂದ್ರ ಅವರ ಕಾಲ ಮುಗೀತು ಅಂತ ಅರ್ಥ. ವಾಪಸ್ ಬರೋವಾಗ ಬಂಡ್ಯಾಗ ಮಾವ ತಮ್ಮ ಕಾಲ ಕಡೀನೇ ನೋಡ್ಕೋತ ಕೂತಿದ್ರು. ನಾನು ಮಾತ್ರ ಹಕೀಮರು ಹೇಳಿದ್ದು ಬಾಯಿಪಾಠ ಮಾಡ್ಕೋತ ಬಂದೆ: ಮುಂಜಾನಿ ನುಚ್ಚಂಬಲಿ, ಮಧ್ಯಾನ ರೊಟ್ಟಿ ತಪ್ಪಲಪಲ್ಯ, ಸಂಜಿಗೆ ಹೆಸರುಬ್ಯಾಳಿ ಕಟ್ಟು. ಹಿಂಡಿ ಇಲ್ಲ, ಹಪ್ಪಳ ಇಲ್ಲ, ಉಪ್ಪಿನಕಾಯಿ ಕಣ್ಣಿಗೂ ಬೀಳಬಾರದು.

ಮನಿಗೆ ಬಂದ ಕೂಡ್ಲೆ ಅತ್ತಿ ಹಿತ್ತಲ ಪಡಸಾಲ್ಯಾಗ ಮೂರು ಕಲ್ಲಿಟ್ಟು ಮಾವಗ ಬ್ಯಾರೆ ಒಲಿ ಹೂಡಿದ್ರು. ದೊಡ್ಡ ಒಲಿ ಶಾಂತಕ್ಕಂದು, ಸಣ್ಣ ಒಲಿ ನಂದು. "ಯಾರ ಮುಂದೂ ಬಾಯಿ ಬಿಡಬ್ಯಾಡ ಬೇ. ಯಜಮಾನನ ಕಾಯಿಲಿ ಓಣಿಗೆ ಗೊತ್ತಾಗಬಾರದು, ದೃಷ್ಟಿ ಆಗ್ತದ" ಅಂದ್ರು. ನಾನು ಹೂಂ ಅಂದೆ.

ಹೂಂ ಅಂದದ್ದು ಸುಲಭ ಇತ್ತು. ದೊಡ್ಡ ಒಲಿ ಕಡಿಂದ ಹಿಂಡಿ ವಾಸನಿ ಬಂತಂದ್ರ ಮಾವನ ಕೈಯಾಗಿನ ತುತ್ತು ಅಲ್ಲೇ ನಿಂತುಬಿಡತಿತ್ತು. ನಾನು ಹತ್ತರಕಿ ತಪ್ಪಲ ಮಾಡಿ ಬಡಿಸಿದ್ರ ಒಂದು ತುತ್ತು ತಿಂದು ಹೇಳ್ತಿದ್ರು, "ತಂಗಿ, ನಿನ್ನ ಕೈ ರುಚಿ ಚಲೋ ಅದ. ಮಣ್ಣೂ ಹಿಂಗೇ ಇರ್ತದ." ನಾನು ಸೆರಗಿನಾಗ ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಮಾವಗ ಎದುರು ಮಾತಾಡೋ ಕಾಲ ಅದಲ್ಲ. ಅವರು ಉಂಡಂಗ ಮಾಡಿ ಏಳೋರು, ಎದುರು ಮನಿ ಹಣಮವ್ವನ ಎಮ್ಮಿ ಈದದೇನು ನೋಡಿ ಬರ್ತೇನಿ ಅಂತ ಹೋಗೋರು. ಆ ಎಮ್ಮಿ ದಿನಾ ಹೆಂಗ ಈಯ್ತದ ಅಂತ ನಾವ್ಯಾರೂ ವಿಚಾರ ಮಾಡಲಿಲ್ಲ ನೋಡ್ರಿ.

ಕಾಲು ಇಳೀಲಿಲ್ಲ. ಹಕೀಮರ ಔಷಧ ಮುಗೀತು, ಮತ್ತ ತಂದ್ವಿ, ಅದೂ ಮುಗೀತು. ಅತ್ತಿ ನನ್ನ ಗಡಿಗಿ ರುಚಿ ನೋಡಿದ್ರು, ಉಪ್ಪಿಲ್ಲ. ಮತ್ತ ಯಾಕ ಇಳೀವಲ್ಲದು ಅಂತ ತಲಿ ಕೆಡಿಸಿಕೊಂಡಿದ್ರು. ಒಂದಿನ ಸಿದ್ದವ್ವ ಮಾವನ ಎಲಿಅಡಕಿ ಸಂಚಿಗೆ ಕೈ ಹಾಕಿ ಏನೋ ಬಾಯಿಗೆ ಹಾಕ್ಕೊಂಡು ಥೂ ಅಂತ ಉಗುಳಿದಳು.

"ಆಯಿ, ಮುತ್ಯಾನ ಅಡಕಿ ಉಪ್ಪುಪ್ಪು ಅದಾವ."

ಅತ್ತಿ ಸಂಚಿ ಝಾಡಿಸಿದ್ರು. ಅಡಕಿ ನಡುವ ಹಳ್ಳು ಉಪ್ಪು ಉದುರಿತು. ಮಾವ ಗ್ವಾಡಿ ಕಡಿ ಮಾರಿ ತಿರುಗಿಸಿ ಮಲಗಿದಂಗ ಮಾಡಿದ್ರು. "ನಿದ್ದಿ ಹತ್ತೇತೇನು?" ಅಂತ ಅತ್ತಿ ಕೇಳಿದ್ರ, "ಹೂಂ, ಹತ್ತೇತಿ" ಅಂದ್ರು. ಮಾವನ ಜೋಡಿ ಜಗಳಾಡಿ ಅತ್ತಿ ಎಂದೂ ಗೆದ್ದವರಲ್ಲ. ಆ ದಿನ ಜಗಳಾನೂ ಆಡಲಿಲ್ಲ, ಸುಮ್ಮನ ಹೋಗಿ ದನದ ಕೊಟ್ಟಿಗ್ಯಾಗ ಕೂತು ಅತ್ತು ಬಂದ್ರು. ಎಳ್ಳಮಾಸಿಗೆ ಒಂದೊಂದೇ ದಿನ ಕಡಿಮಿ ಆಗಾಕತ್ತಿತ್ತು, ಕಾಲು ಇದ್ದಂಗ ಇತ್ತು.

ಇದರ ನಡುವ ಓಣ್ಯಾಗ ಬ್ಯಾರೇನೇ ಅಡಿಗಿ ಬೇಯಾಕತ್ತಿತ್ತು, ನಮಗ ಗೊತ್ತೇ ಇಲ್ಲ. ನಮ್ಮ ಕಡಿ ಹೊಲ ಹಂಚೋದಕ್ಕಿಂತ ಮೊದಲ ಒಲಿ ಹಂಚ್ತಾರ. ಅಣ್ಣತಮ್ಮರ ಒಲಿ ಬ್ಯಾರೆ ಆಯ್ತು ಅಂದ್ರ ಮನಿ ಒಡೀತು ಅಂತ ಲೆಕ್ಕ. ಹಣಮವ್ವ ದಿನಾ ಮುಂಜಾನಿ ತನ್ನ ಮಾಳಗಿ ಮ್ಯಾಲ ಕಾಳು ಒಣಗಸಾಕ ಏರಿದಾಗ ನಮ್ಮ ಮನಿಯಿಂದ ಎರಡು ಹೊಗಿ ಏಳೋದು ನೋಡ್ಯಾಳ. ಒಂದು ಮುಂದಿನದು, ಒಂದು ಹಿತ್ತಲದ್ದು. ಹಿತ್ತಲ ಒಲಿ ಮುಂದ ಕೂತವಳು ಹೊಸ ಸೊಸಿ. ಇನ್ನೇನು ಬೇಕು? ಮ್ಯಾಲಾಗಿ ದಿನಾ ಯಜಮಾನ ಹಸಕೊಂಡು ತನ್ನ ಮನಿ ಬಾಗಲಕ್ಕ ಬರ್ತಾನ. ಮಣ್ಣೂರಿನಾಕಿ ಬಂದು ಮನಿ ಒಡದಳು, ಪಾಪ ಮುದುಕಗ ಯಾರೂ ಸರಿಯಾಗಿ ಹಾಕವಲ್ಲರು ಅಂತ ಮರುಗಿ, ದಿನಾ ರೊಟ್ಟಿ ಹಿಂಡಿ ಹಚ್ಚಿ ಕೊಡ್ತಿದ್ದಳು. ಕರುಳು ಚಲೋದಿತ್ತು ಹಣಮವ್ವಂದು, ನಾಲಿಗಿ ಉದ್ದ ಇತ್ತು ಅಷ್ಟೇ.

ಆ ನಾಲಿಗಿ ಸಂತಿಯಿಂದ ಸಂತಿಗೆ ಹೋಗಿ ಭೀಮಾ ದಂಡಿ ಮುಟ್ಟಿತು. ಮಹಾನವಮಿ ಇನ್ನೂ ಮುಂದಿತ್ತು, ಒಂದಿನ ಮಧ್ಯಾನ ನಮ್ಮ ಅಪ್ಪ, ನಮ್ಮ ದೊಡ್ಡಪ್ಪ ಇಬ್ಬರೂ ಬಂಡಿ ಇಳದ್ರು. ನನಗ ತವರಿನವರು ಬಂದ್ರು ಅಂತ ಹಿಗ್ಗು. ಚರಿಗ್ಯಾಗ ನೀರು ತಂದು ಕೊಟ್ಟೆ. ಅಪ್ಪ ಮುಟ್ಟಲಿಲ್ಲ, ನನ್ನ ಮಾರೀನೂ ನೋಡಲಿಲ್ಲ. ಕಟ್ಟಿ ಮ್ಯಾಲ ಕೂತು, "ಮೊದಲ ಮಾತು, ಆಮ್ಯಾಲ ನೀರು" ಅಂದ್ರು. ನಾನು ಚರಿಗಿ ಅಲ್ಲೇ ಇಟ್ಟು ಒಳಗ ಸರದೆ.

"ಬೀಗರ, ನನ್ನ ಮಗಳು ನಿಮ್ಮ ಮನಿ ಹೊಸ್ತಲ ತುಳದು ವರ್ಷ ತುಂಬಿಲ್ಲ" ಅಂದ್ರು ಅಪ್ಪ. "ಅಣ್ಣತಮ್ಮರ ಒಲಿ ಬ್ಯಾರೆ ಮಾಡ್ಯಾಳಂತ ಅಫಜಲಪುರ ಸಂತ್ಯಾಗ ನಾಕು ಮಂದಿ ನಡುವ ಕೇಳೇನಿ. ಖರೆ ಇದ್ರ ಹೇಳ್ರಿ, ಈಗಿಂದೀಗ ಕರ್ಕೊಂಡು ಹೋಗ್ತೇನಿ. ಮನಿ ಒಡೆಯೋ ಹೆಣ್ಣು ನಮ್ಮ ಮನಿತನದಾಗ ಹುಟ್ಟಿಲ್ಲ."

ನಾನು ಬಾಗಲ ಹಿಂದ ನಿಂತಿದ್ದೆ. ಶಾಂತಕ್ಕ ನನ್ನ ಕೈ ಹಿಡಕೊಂಡಳು. ಮಾವ ಧೋತರ ಮೊಣಕಾಲ ತನಕ ಏರಿಸಿದ್ರು.

"ನೋಡ್ರಿ ಬೀಗರ. ಒಲಿ ಬ್ಯಾರೆ ಮಾಡಿದ್ದು ನಿಮ್ಮ ಮಗಳಲ್ಲ, ಈ ಎರಡು ಕಾಲು."

ಆಮ್ಯಾಲ ಎಲ್ಲಾ ಹೇಳಿದ್ರು. ಹಕೀಮರದು, ಸಂಚಿದು, ಹಣಮವ್ವನ ಮನಿ ಹಿಂಡಿದು, ಒಂದೂ ಮುಚ್ಚಲಿಲ್ಲ. ನನ್ನ ಹೆಸರು ಕೆಟ್ಟದ್ದು ಕೇಳಿ ಅವರಿಗೆ ಅಷ್ಟು ಸಂಕಟ ಆಗಿತ್ತು. ಅಪ್ಪ ತಲಿ ತಗ್ಗಿಸಿ ಕೇಳಿದ್ರು. ಕೇಳಿ ಆದ ಮ್ಯಾಲ ಅಂದ್ರು, "ತಪ್ಪಾತ್ರಿ ಬೀಗರ. ಖರೆ ಮಂದಿಗೆ ಕಾಲು ಕಾಣೂದಿಲ್ಲ, ಹೊಗಿ ಕಾಣ್ತದ."

ಅಷ್ಟರಾಗ ಅತ್ತಿ ಎದ್ದರು. ಕೊಡ ತಗೊಂಡು ಹಿತ್ತಲಕ್ಕ ಹೋಗಿ ನನ್ನ ಒಲಿಗೆ ನೀರು ಸುರದ್ರು. ಬುಸ್ ಅಂತ ಬೂದಿ ಎದ್ದಿತು. ಬಂದು ನಡುಮನ್ಯಾಗ ನಿಂತು ಅಂದ್ರು, "ಇವತ್ತಿನಿಂದ ಒಂದೇ ಒಲಿ, ಒಂದೇ ಗಡಿಗಿ. ಅವರು ಉಂಡದ್ದೇ ಎಲ್ಲಾರೂ ಉಣ್ಣೋದು."

ಭಾವ ಹೊಲದಿಂದ ಆಗಷ್ಟೇ ಬಂದಿದ್ರು. "ಅವ್ವಾ, ಅಂದ್ರ ನಾವೂ?"

"ನೀವೂ."

"ಎಳ್ಳಮಾಸಿ ತನಕ?"

"ನಿಮ್ಮಪ್ಪ ಎಳ್ಳಮಾಸಿಗೆ ನಡೀಬೇಕೋ ಬ್ಯಾಡೋ?"

ಭಾವ ನಮ್ಮವರ ಮಾರಿ ನೋಡಿದ್ರು, ನಮ್ಮವರು ತೊಲಿ ನೋಡಿದ್ರು. ಅಲ್ಲಿಗೆ ಪಂಚಾಯ್ತಿ ಮುಗೀತು.

ಆ ದಿನದ ಊಟ ನಾನು ಸಾಯೋ ತನಕ ಮರೆಯಂಗಿಲ್ಲ. ಬೀಗರು ಬಂದಾರ, ಅವರಿಗೆರ ಉಪ್ಪು ಹಾಕಿ ಮಾಡೂಣು ಅಂತ ಶಾಂತಕ್ಕ ಅಂದ್ರ ಅಪ್ಪ ಒಪ್ಪಲಿಲ್ಲ. "ಪಂಕ್ತ್ಯಾಗ ಭೇದ ಮಾಡಬ್ಯಾಡ್ರಿ, ನಮಗೂ ಅದೇ ಬಡಿಸ್ರಿ" ಅಂದ್ರು. ಉಪ್ಪಿಲ್ಲದ ಬದನಿಕಾಯಿ ಎಣಗಾಯಿ ಬಾಯಾಗ ಇಟ್ಟು, ಅಪ್ಪ ಬಾಳ ಹೊತ್ತು ಅಗದ್ರು. ದೊಡ್ಡಪ್ಪ ನೀರು ಕುಡದ್ರು. "ಹೆಂಗಾಗ್ಯಾದ್ರಿ ಬೀಗರ?" ಅಂತ ಮಾವ ಕೇಳಿದ್ರು. ಅವರ ಕಣ್ಣಾಗ ಎಷ್ಟೋ ದಿನದ ಮ್ಯಾಲ ಚೇಷ್ಟಿ ಬಂದಿತ್ತು.

"ಬಾಳ ರುಚಿ ಆಗ್ಯಾದ್ರಿ" ಅಂದ್ರು ಅಪ್ಪ.

"ತಂಗಿ, ನಿಮ್ಮಪ್ಪಗ ಇನ್ನೊಂದು ಸೌಟು ಹಾಕು" ಅಂದ್ರು ಮಾವ. ಹಾಕಿದೆ. ಅಪ್ಪ ಉಂಡ್ರು, ಪಾಪ. ಹೊರಡೋವಾಗ ಮಾವ ಅಪ್ಪನ ಕೈ ಹಿಡದು, "ಎಳ್ಳಮಾಸಿಗೆ ಬರ್ರಿ. ನಾನು ನಡಕೊಂಡು ಬಂದು ನಿಮಗ ಹೊಲದಾಗ ಎದುರಾಗ್ತೇನಿ" ಅಂದ್ರು. ಅಂದುಬಿಟ್ರು, ಇನ್ನ ಹಿಂದಕ್ಕ ಸರಿಯಂಗಿಲ್ಲ.

ಅತ್ತಿ ಉಪ್ಪಿನ ಭರಣಿ ಎತ್ತಿಕೊಂಡು ಹೋಗಿ ಹಣಮವ್ವನ ಮನ್ಯಾಗ ಇಟ್ಟು ಬಂದ್ರು. "ಎಳ್ಳಮಾಸಿ ತನಕ ನಿನ್ನ ಹಂತ್ಯಾಕ ಇರಲಿ. ನಮ್ಮವರು ಬಂದು ಕೇಳಿದ್ರ ಒಂದು ಹಳ್ಳು ಕೊಡಬ್ಯಾಡ" ಅಂದ್ರು. ಖರೆ ಸಂಗತಿ ಗೊತ್ತಾದ ಮ್ಯಾಲ ಹಣಮವ್ವಗ ನಾಚಿಕಿ ಆಗಿ, ಅಕಿಯಷ್ಟು ಬಿರುಸು ಕಾವಲಿ ಯಾರೂ ಮಾಡಲಿಲ್ಲ. ಮಾವ ಎಮ್ಮಿ ವಿಚಾರ ತಗದ್ರ, "ಎಮ್ಮಿ ಆರಾಮ ಅದರಿ, ನೀವು ಮನಿಗೆ ನಡೀರಿ" ಅಂತ ಬಾಗಲದಾಗೇ ನಿಲ್ಲಿಸಿ ಕಳಿಸ್ತಿದ್ದಳು. ಉಪ್ಪು ಉಳದದ್ದು ದನದ ಕೊಟ್ಟಿಗ್ಯಾಗ ಮಾತ್ರ. ಎತ್ತಿಗೆ ಉಪ್ಪು ತಪ್ಪಿಸಿದ್ರ ಬಿತ್ತಿಗಿ ಮಾಡೋರ್ಯಾರು? ಆ ವರ್ಷ ನಮ್ಮ ಮನ್ಯಾಗ ಎರಡು ಎತ್ತಷ್ಟೇ ಸುಖದಿಂದ ಉಪ್ಪು ತಿಂದ್ವು.

ಮೊದಲ ವಾರ ಮನಿ ಅಂದ್ರ ಸೂತಕದ ಮನಿ ಆಗಿತ್ತು. ಉಣ್ಣಾಕ ಕೂತ್ರ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ಭಾವ ರೊಟ್ಟಿ ಮುರದು ಅಂಬಲ್ಯಾಗ ಹಾಕಿ ಔಷಧ ಕುಡದಂಗ ಕುಡೀತಿದ್ರು. ಆಮ್ಯಾಲ ನನಗೂ ಶಾಂತಕ್ಕಗೂ ಒಂದು ಹಟ ಬಂತು. ಉಪ್ಪಿಲ್ಲದ ಅಡಿಗಿಗೆ ರುಚಿ ತರಾಕ ಬರ್ತದೋ ಇಲ್ಲೋ ನೋಡೇ ಬಿಡೂಣು ಅಂತ ಇಬ್ಬರೂ ಸೆರಗು ಕಟ್ಟಿದ್ವಿ. ಹುಳಿ ಇದ್ದಲ್ಲಿ ನಾಲಿಗಿ ಉಪ್ಪು ಕೇಳೋದು ಕಡಿಮಿ. ಪುಂಡಿ ತಪ್ಪಲ ತಂದ್ವಿ, ಹುಣಸಿ ಚಿಗುರು ತಂದ್ವಿ, ಲಿಂಬಿಹಣ್ಣು ತಂದ್ವಿ. ಜೀರಗಿ ಕೆಂಪಗ ಹುರದು ಕುಟ್ಟಿದ್ವಿ. ಬಳ್ಳೊಳ್ಳಿ ಕುಸುಬಿ ಎಣ್ಣ್ಯಾಗ ಕರಿ ಆಗೋ ಹೊತ್ತಿಗೆ ಗಡಿಗಿಗೆ ಸುರದ್ರ ಓಣಿ ಎಲ್ಲಾ ಘಮ್ ಅಂತಿತ್ತು. ಮಹಾನವಮಿ ಮುಗಿಯೋದ್ರಾಗ ನಮ್ಮವರು ಪುಂಡಿಪಲ್ಯ ಎರಡು ಸಲ ಕೇಳಿ ಹಾಕಿಸ್ಕೊಂಡ್ರು. ಶಾಂತಕ್ಕ ಒಲಿ ಮುಂದಿಂದ ನನ್ನ ನೋಡಿ ಕಣ್ಣು ಹೊಡದಳು. ಅಲ್ಲಿ ತನಕ ನಾನು ಆ ಮನಿ ಸೊಸಿ ಅಷ್ಟೇ ಆಗಿದ್ದೆ, ಆ ದಿನದಿಂದ ನನಗೊಬ್ಬ ಅಕ್ಕ ಸಿಕ್ಕಳು.

ಮಾವಗ ಮಾತ್ರ ನಂಬಿಕಿ ಬರಲಿಲ್ಲ. ಅವರ ತಲ್ಯಾಗ ಒಂದೇ ವಿಚಾರ: ಇವರೆಲ್ಲಾ ನನ್ನ ಮುಂದ ಸಪ್ಪನ್ನದು ಉಂಡು, ನಾನು ಅತ್ತ ಹೋದ ಮ್ಯಾಲ ಹಿಂಡಿ ತಿಂತಾರ. ತಾವು ಸಂಚ್ಯಾಗ ಉಪ್ಪು ಬಚ್ಚಿಟ್ಟವರು ನೋಡ್ರಿ, ಕಳ್ಳಗ ಊರೆಲ್ಲಾ ಕಳ್ಳರೇ. ಸಿದ್ದವ್ವಗ "ನಾಲಿಗಿ ತೆಗಿ" ಅಂತ ನೋಡೋರು. ಎತ್ತಿಗೆ ಉಪ್ಪು ತಿನಿಸಿ ಬಂದ ಭಾವನ ಕೈ ಹಿಡದು ಮೂಸೋರು. "ಇದೇನಲೇ?" ಅಂದ್ರ, "ಎತ್ತಿಂದ್ರಿ ಅಪ್ಪಾ" ಅಂತಿದ್ರು ಭಾವ. "ಎತ್ತಿಂದೋ, ಎತ್ತಿನ ಮಾಲಕಂದೋ?" ಅಂತಿದ್ರು ಮಾವ. ಬಾಯಿಲೇ ನಗತಿದ್ರು, ಒಳಗ ಸಿಟ್ಟಿತ್ತು. ತಾಟಿಗೆ ಕೂತ್ರ ಒಂದೇ ರೊಟ್ಟಿ ಉಂಡು ಎದ್ದುಬಿಡೋರು. ಇನ್ನೊಂದು ಹಾಕ್ಲೇನ್ರಿ ಅಂದ್ರ, "ಸಾಕು, ಮಿಕ್ಕದ್ದು ನೀವು ಆಮ್ಯಾಲ ಉಣ್ಣ್ರಿ" ಅಂತ ಚುಚ್ಚೋರು. ಸಿಟ್ಟಿಲೇ ಉಣ್ಣಲಿ, ಉಂಡ್ರ ಸಾಕು ಅಂತಿದ್ರು ಅತ್ತಿ ನಮ್ಮ ಮುಂದ.

ಹಿಂಗಾರಿ ಬಿತ್ತಿಗಿ ಆಯ್ತು. ಜೋಳ ಮೊಳಕಿ ಒಡದು ಹೊಲ ಹಸರಾಯ್ತು. ದೀಪಾವಳಿ ಮುಂದ ಒಂದು ಮುಂಜಾನಿ ಮಾವ ಅಂಗಳದಾಗ ಕಾಲು ಚಾಚಿ ಕೂತಿದ್ರು, ನಾನು ಕಸ ಹೊಡೀಲಿಕತ್ತಿದ್ದೆ. "ತಂಗಿ, ಇಲ್ಲಿ ಬಾ. ಇದು ಏನದ ನೋಡು" ಅಂದ್ರು. ನೋಡಿದೆ. ಪಾದದ ಮ್ಯಾಲ ನರ ಕಾಣಾಕತ್ತಿದ್ವು. ನಾನು ಕಸಬರಗಿ ಅಲ್ಲೇ ಚೆಲ್ಲಿ ಒಳಗ ಓಡಿ, "ಅತ್ತೀ, ಮಾವನ ಕಾಲಿನ ನರ ಬಂದಾವ್ರಿ" ಅಂದೆ. ಅತ್ತಿ ಹಿಟ್ಟಿನ ಕೈಲೇ ಬಂದು ಕಾಲು ಮುಟ್ಟಿ ಮುಟ್ಟಿ ನೋಡಿದ್ರು. ಮಾವನ ಕಾಲೆಲ್ಲಾ ಹಿಟ್ಟಾಯ್ತು.

ಅಲ್ಲಿಂದ ದಿನಕ್ಕಷ್ಟು ಇಳೀತಾ ಬಂತು. ಮೊದಲ ಅಂಗಳ, ಆಮ್ಯಾಲ ಗುಡಿ ಕಟ್ಟಿ, ಆಮ್ಯಾಲ ಊರ ಅಗಸಿಬಾಗಲ ತನಕ ನಡದ್ರು. ಅಗಸಿ ಮುಟ್ಟಿ ಬಂದ ದಿನ ಕಾಲ್ಮರಿ ಹಾಕ್ಕೊಂಡೇ ಪಡಸಾಲಿಗೆ ಬಂದುಬಿಟ್ರು, ಅತ್ತಿ ಬಯ್ಯಲಿಲ್ಲ. ಎಳ್ಳಮಾಸಿ ಎದುರಿಗೆ ಇದ್ದಾಗ ಹಕೀಮರು ಮತ್ತ ಹೆಬ್ಬೆರಳು ಒತ್ತಿ ನೋಡಿದ್ರು, ಕುಣಿ ಉಳೀಲಿಲ್ಲ. "ಹಬ್ಬದ ದಿನ ಎಲ್ಲಾರಂಗ ಉಣ್ಣು. ಮರುದಿನದಿಂದ ಮೊದಲಿನ ಅರ್ಧಾ ಉಪ್ಪು, ಅಷ್ಟೇ" ಅಂದ್ರು. ಬಂಡ್ಯಾಗ ಬರೋವಾಗ ಮಾವ ಹಾಡ್ಕೋತ ಬಂದ್ರು. ಅವರಿಗೆ ಹಾಡು ಬರ್ತದ ಅಂತ ನನಗ ಆ ದಿನ ಗೊತ್ತಾಯ್ತು.

ಹಬ್ಬದ ಮುಂಜಾನಿ ಕೋಳಿ ಕೂಗೋದಕ್ಕಿಂತ ಮೊದಲ ಎದ್ವಿ. ಹಣಮವ್ವ ಭರಣಿ ತಲಿ ಮ್ಯಾಲ ಹೊತ್ತುಕೊಂಡು ತಂದಳು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಕಡಬು, ಶೇಂಗಾ ಹೋಳಗಿ, ಎಲ್ಲಾ ತರದ ಕಾಯಿಪಲ್ಯ, ಹಸಿಕಾಳು ಕೂಡಿಸಿ ಮಾಡೋ ಭಜ್ಜಿ. ಭಜ್ಜಿ ದೊಡ್ಡ ಗಡಿಗ್ಯಾಗ ಕುದೀತಿತ್ತು. ಅತ್ತಿ ಭರಣಿ ನನ್ನ ಮುಂದ ಇಟ್ಟು, "ನೀನೇ ಹಾಕು. ಈ ವರ್ಷ ನಿನ್ನ ಕೈ ಗೆದ್ದಾದ" ಅಂದ್ರು. ಚರಗದ ಅಡಿಗಿ ಭೂಮಿತಾಯಿಗಿಂತ ಮೊದಲ ಯಾರ ನಾಲಿಗಿಗೂ ಹತ್ತಬಾರದು, ರುಚಿ ನೋಡಂಗಿಲ್ಲ. ತವರಿನ್ಯಾಗ ಹಾಕತಿದ್ದ ಲೆಕ್ಕ ನೆನಪು ಮಾಡ್ಕೊಂಡು, ಅಷ್ಟೇ ಮುಷ್ಟಿ ಹಾಕಿದೆ.

ಮಾವ ಬಂಡಿ ಹತ್ತಲಿಲ್ಲ. ಬಂಡಿ ಮುಂದ ಹೋಗ್ಲಿ ಅಂತ ಕಳಿಸಿ, ಹೊಸ ರುಮಾಲು ಸುತ್ತಿ, ಕಾಲ್ಮರಿ ಮೆಟ್ಟಿ, ಊರ ನಡುವ ನಡದ್ರು. ಹೊಲದ ಬದುವಿನ ಮ್ಯಾಲ ನಮ್ಮ ಅಪ್ಪ, ದೊಡ್ಡಪ್ಪ ಕಾಯ್ಕೋತ ನಿಂತಿದ್ರು. ಮಾವ ದೂರದಿಂದಲೇ, "ಬೀಗರ, ಹೊಗಿ ಬಿಡ್ರಿ, ಕಾಲು ನೋಡ್ರಿ" ಅಂದ್ರು. ಅಪ್ಪ ಹೋಗಿ ಅಪ್ಪಿಕೊಂಡ್ರು. ಬನ್ನಿಗಿಡದ ಬುಡಕ್ಕ ಪಾಂಡವರು ಅಂತ ಐದು ಕಲ್ಲಿಟ್ಟು ಸುಣ್ಣ ಹಚ್ಚಿ ಪೂಜಿ ಮಾಡಿದ್ವಿ. ಮಾವ ಬುಟ್ಟಿ ಹಿಡದು "ಹುಲ್ಲುಲ್ಲಿಗ್ಯೋ" ಅಂತ ಚರಗದ ಕೂಗು ಹಾಕಿದ್ರು. ಜೋಳದ ನಡುವ ಅವರ ರುಮಾಲಷ್ಟೇ ಕಾಣತಿತ್ತು, ಹೋಗ್ತಾ ಹೋಗ್ತಾ ಹೊಲದ ಆ ಮೂಲಿ ಮುಟ್ಟಿ, ಸುತ್ತು ಹಾಕಿ ಈ ಮೂಲಿಗೆ ಬಂತು. ಅತ್ತಿ ಎರಡೂ ಕೈ ಎತ್ತಿ ಹೊಲಕ್ಕ ಮುಗದ್ರು. ನನಗ ಕಣ್ಣೀರು ನಿಲ್ಲಲಿಲ್ಲ.

ಎಲ್ಲಾರೂ ಒಂದೇ ಸಾಲಿನ್ಯಾಗ ಉಣ್ಣಾಕ ಕೂತ್ರು. ಅವತ್ತು ಹೆಣ್ಣುಮಕ್ಕಳೂ ಕೂಡೇ ಕೂತ್ವಿ. ಮಾವ ರೊಟ್ಟಿ ಮುರದು, ಭಜ್ಜಿ ಹಚ್ಚಿ, ಕಣ್ಣು ಮುಚ್ಚಿ ಬಾಯಾಗ ಇಟ್ರು. ಮಾರಿ ಕಿವಿಚಿದ್ರು. ನುಂಗಿ ಚರಿಗಿ ಎತ್ತಿ ಗಟಗಟ ನೀರು ಕುಡದ್ರು.

ಮಾಡಿಟ್ಟೆ ಅನಾಹುತ ಅಂತ ಗಾಬರಿ ಬಿದ್ದು ನಾನೂ ಒಂದು ತುತ್ತು ತಿಂದೆ. ಉಪ್ಪು ಅಂದ್ರ ಉಪ್ಪು, ನಾಲಿಗಿ ಸುಟ್ಟಂಗಾಯ್ತು. ಆ ಕಡಿ ಭಾವ ಕೆಮ್ಮಾಕತ್ತಿದ್ರು. ನಮ್ಮವರು ಬಾಯಿ ತೆರಕೊಂಡು ಕೂತಿದ್ರು. ಶಾಂತಕ್ಕ ಸೆರಗಿಲೆ ಬಾಯಿ ಒರಸ್ಕೊಂಡಳು, ಸಿದ್ದವ್ವ ಥೂ ಥೂ ಅಂತ ಉಗುಳಿ ಅಳಾಕತ್ತಿದಳು, ಅತ್ತಿ ಮಜ್ಜಗಿ ಗಡಿಗಿಗೆ ಕೈ ಚಾಚಿದ್ರು.

"ಭಜ್ಜಿಗೇನಾಗ್ಯಾದ?" ಅಂತ ಅಪ್ಪ ಕೇಳಿದ್ರು. ಅವರ ತಾಟು ಅರ್ಧಾ ಖಾಲಿ ಆಗಿತ್ತು. "ಉಪ್ಪು ಖಾರ ಹದಕ್ಕೇ ಅದ. ಅಣ್ಣಾ, ನಿನಗೇನು ಅನಸ್ತದ?"

"ಭಾಳ ಹದ ಆಗ್ಯಾದ" ಅಂದ್ರು ದೊಡ್ಡಪ್ಪ, ಇನ್ನೊಂದು ಸೌಟು ಹಾಕ್ಕೊಂಡ್ರು. ನಮ್ಮ ಜೋಡಿ ಹೊಲಕ್ಕ ಬಂದಿದ್ದ ಹಣಮವ್ವನೂ ಚಪ್ಪರಿಸಿ ಉಣ್ಣಾಕತ್ತಿದ್ದಳು.

ಮಾವ ಕೈಯಾಗಿನ ಚರಿಗಿ ಕೆಳಗಿಡಲಿಲ್ಲ. ಉಣ್ಣೋ ಬೀಗರನ್ನ ನೋಡಿದ್ರು. ಆಮ್ಯಾಲ ನಮ್ಮನ್ನ ನೋಡಿದ್ರು. ಕೆಮ್ಮೋ ದೊಡ್ಡ ಮಗನ್ನ, ಬಾಯಿ ತೆರಕೊಂಡ ಸಣ್ಣ ಮಗನ್ನ, ಅಳೋ ಮೊಮ್ಮಗಳನ್ನ, ಮಜ್ಜಗಿ ಕುಡಿಯೋ ಹೆಂಡತಿನ್ನ, ಒಬ್ಬೊಬ್ಬರ ಮಾರಿನೂ ಪಾಳಿ ಪ್ರಕಾರ ನೋಡಿದ್ರು.

"ಅಲ್ಲಲೇ" ಅಂದ್ರು, ದನಿ ಏಳಲಿಲ್ಲ. "ಖರೇನೇ ಉಪ್ಪಿಲ್ಲದ್ದು ಉಂಡೀರೇನು ನೀವು? ಎಲ್ಲಾರೂ?"

"ಮತ್ತೇನು ತಿಳದಿದ್ರಿ?" ಅಂದ್ರು ಅತ್ತಿ.

ಮಾವ ರುಮಾಲಿನ ಸೆರಗು ಮಾರಿಗೆ ಒತ್ತಿಕೊಂಡ್ರು. ಹೆಗಲು ಅಲುಗತಿತ್ತು, ನಗತಿದ್ರೋ ಅಳತಿದ್ರೋ ತಿಳೀಲಿಲ್ಲ. ಸ್ವಲ್ಪ ಹೊತ್ತಿಗೆ ಮಾವ ಭಜ್ಜಿ ತಾಟು ಅಪ್ಪನ ಕಡಿ ಸರಿಸಿ, ನನ್ನ ಕಡಿ ತಿರುಗಿದ್ರು.

"ತಂಗಿ, ಇಷ್ಟು ದಿನ ನಿನ್ನ ಅಡಿಗಿ ನಾ ಸಿಟ್ಟಿಲೇ ಉಂಡೇನಿ. ಸಂಜಿಗೆ ಮನಿಗೆ ಹೋಗಿ ಆ ಉಪ್ಪಿಲ್ಲದ್ದೇ ಮಾಡ್ತಿಯೇನು?"

ಮಾಡಿದೆ. ಹಬ್ಬದ ಸಂಜಿ, ಬುಟ್ಟಿ ತುಂಬ ಕಡಬು ಹೋಳಗಿ ಇದ್ವು, ಯಾರೂ ಮುಟ್ಟಲಿಲ್ಲ. ಎಲ್ಲಾರೂ ಒಂದೇ ಸಾಲಿನ್ಯಾಗ ಕೂತು ಸಪ್ಪನ್ನ ಪಲ್ಯ, ರೊಟ್ಟಿ ಉಂಡ್ವಿ. ನಾನು ಮಾವನ ತಾಟಿಗೆ ಒಂದು ರೊಟ್ಟಿ ಹಾಕಿ, ದಿನದಂಗ ಮುಂದಕ್ಕ ನಡದೆ. ಶಾಂತಕ್ಕನ ತಾಟಿನ ಹಂತ್ಯಾಕ ಹೋಗೂದ್ರಾಗ ಹಿಂದಿಂದ ಮಾವ ಕರದ್ರು.

"ತಂಗಿ, ನನಗ ಇನ್ನೊಂದು ರೊಟ್ಟಿ ಹಾಕು."